‘ಪೋಷಕ ನಟಿ’ ಎಂಬ ಮಾತು: ಲೀಲಾವತಿಯವರ ಕಲೆಯನ್ನು ಮತ್ತೊಮ್ಮೆ ನೋಡುತ್ತಾ

ಕರ್ನಾಟಕ ರಾಜ್ಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿಯಲ್ಲಿ ಲೀಲಾವತಿಯವರ ಹೆಸರು ಮೂರು ಬಾರಿ ಬರುತ್ತದೆ. 1969-70ರಲ್ಲಿ ‘ಗೆಜ್ಜೆ ಪೂಜೆ’ಗಾಗಿ, 1971-72ರಲ್ಲಿ ‘ಸಿಪಾಯಿ ರಾಮು’ವಿಗಾಗಿ, 1989-90ರಲ್ಲಿ ‘ಡಾಕ್ಟರ್ ಕೃಷ್ಣ’ಕ್ಕಾಗಿ. ಮೂರು ಬಾರಿಯೂ ಅವರಿಗೆ ಸಂದದ್ದು ‘ಅತ್ಯುತ್ತಮ ಪೋಷಕ ನಟಿ’ ಎಂಬ ಗೌರವ. ಒಂದು ಕಾಲದಲ್ಲಿ ನಾಯಕಿಯಾಗಿ ಮೆರೆದ ಕಲಾವಿದೆಗೆ ಸರ್ಕಾರ ಕೊಟ್ಟ ಪ್ರಶಸ್ತಿಯಲ್ಲಿ ‘ನಾಯಕಿ’ ಎಂಬ ಮಾತು ಒಮ್ಮೆಯೂ ಬರಲಿಲ್ಲ. ಇದನ್ನು ಅನೇಕರು ಅನ್ಯಾಯವೆಂದು ಹೇಳಿದ್ದಾರೆ. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆ.

ಆದರೆ ‘ಪೋಷಕ’ ಎಂಬ ಪದವನ್ನು ಒಮ್ಮೆ ಬಿಡಿಸಿ ನೋಡಿ. ನಮ್ಮ ಮಕ್ಕಳ ಶಾಲೆಯಿಂದ ಬರುವ ಸೂಚನೆಯಲ್ಲಿ ‘ಪೋಷಕರ ಸಭೆ’ ಎಂದಿರುತ್ತದೆ. ಅಲ್ಲಿ ಪೋಷಕರೆಂದರೆ ಪಕ್ಕದಲ್ಲಿ ನಿಂತವರಲ್ಲ. ಮಗುವನ್ನು ಹೊತ್ತು, ಹೆತ್ತು, ಉಣಿಸಿ, ಬೆಳೆಸುವವರು. ಅದೇ ಪದ ಚಿತ್ರಮಂದಿರದೊಳಕ್ಕೆ ಬಂದೊಡನೆ ಎರಡನೆಯ ದರ್ಜೆಯದಾಗುತ್ತದೆ. ಲೀಲಾವತಿಯವರ ಬದುಕನ್ನೂ ಕಲೆಯನ್ನೂ ಒಟ್ಟಿಗೆ ನೋಡಿದಾಗ ಈ ಪದದ ಎರಡು ಅರ್ಥಗಳ ನಡುವಿನ ಜಗಳವೇ ಎದ್ದು ಕಾಣುತ್ತದೆ. ಆ ಜಗಳದ ಬಗ್ಗೆ ನಾಲ್ಕು ಮಾತು ಬರೆಯಬೇಕೆಂಬುದು ಈ ಲೇಖನದ ಉದ್ದೇಶ.

ಅವರು ಹುಟ್ಟಿದ್ದು ದಕ್ಷಿಣ ಕನ್ನಡದ ಬೆಳ್ತಂಗಡಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡರು. ಹೊಟ್ಟೆಪಾಡಿಗೆ ಮೈಸೂರಿಗೆ ಬಂದರು. ಅಲ್ಲಿ ಮನೆಗೆಲಸವನ್ನೂ ಮಾಡಿದರು. ನಂತರ ಮಹಾಲಿಂಗ ಭಾಗವತರ ನಾಟಕ ಮಂಡಳಿ ಸೇರಿದರು. 1949ರ ‘ನಾಗಕನ್ನಿಕಾ’ದಲ್ಲಿ ಒಂದು ಸಣ್ಣ ಪಾತ್ರ, 1958ರ ‘ಮಾಂಗಲ್ಯ ಯೋಗ’ದಲ್ಲಿ ಮೊದಲ ಬಾರಿಗೆ ನಾಯಕಿ. ಅಲ್ಲಿಂದ ಮುಂದಿನ ದಾರಿ ಬೇಗ ಬೇಗ ತೆರೆಯಿತು. 1960ರಲ್ಲಿ ‘ರಣಧೀರ ಕಂಠೀರವ’, ಅದೇ ವರ್ಷ ‘ರಾಣಿ ಹೊನ್ನಮ್ಮ’, 1961ರಲ್ಲಿ ‘ಕೈವಾರ ಮಹಾತ್ಮೆ’ ಮತ್ತು ‘ಕಣ್ತೆರೆದು ನೋಡು’, 1963ರಲ್ಲಿ ‘ಕುಲವಧು’, ‘ವೀರಕೇಸರಿ’, ‘ಕನ್ಯಾರತ್ನ’, ‘ಮನ ಮೆಚ್ಚಿದ ಮಡದಿ’. ರಾಜಕುಮಾರ್ ಅವರ ಜೊತೆಗೆ ಒಂದು ಕಾಲದಲ್ಲಿ ಜನರ ಮನಸ್ಸಿನಲ್ಲಿ ಮೊದಲು ಬರುತ್ತಿದ್ದ ಹೆಸರು ಲೀಲಾವತಿಯವರದೇ. ಕನ್ನಡ, ತಮಿಳು, ತೆಲುಗು ಸೇರಿ ಅವರು ನಟಿಸಿದ ಚಿತ್ರಗಳು ಆರುನೂರನ್ನು ಮೀರುತ್ತವೆ ಎನ್ನುತ್ತಾರೆ. ಅವರ ವೈಯಕ್ತಿಕ ಬದುಕಿನ ಸುತ್ತ ಎದ್ದ ಮಾತುಗಳು ಅವರ ಚಿತ್ರಗಳಷ್ಟೇ ಪ್ರಸಿದ್ಧವಾದವು. ಅವು ಈ ಪುಟಕ್ಕೆ ಬೇಡ. ಹೆತ್ತ ಮಗನನ್ನು ಒಬ್ಬರೇ ನಿಂತು ಬೆಳೆಸಿದರು, ಆ ಮಗ ವಿನೋದ್ ರಾಜ್ 1987ರ ‘ಡ್ಯಾನ್ಸ್ ರಾಜ ಡ್ಯಾನ್ಸ್’ನಲ್ಲಿ ನಾಯಕರಾದರು, ಕೊನೆಯವರೆಗೂ ತಾಯಿಯ ಜೊತೆಯಲ್ಲೇ ಇದ್ದರು. ಇಷ್ಟು ಸಾಕು.

ನಾಟಕ ಮಂಡಳಿಯ ವಿಷಯಕ್ಕೆ ಬರೋಣ. ಆ ಕಾಲದ ಕಂಪನಿ ನಾಟಕಗಳನ್ನು ನೋಡಿದ ಹಿರಿಯರು ಈಗ ವಿರಳ. ಧ್ವನಿವರ್ಧಕವಿಲ್ಲದ ರಂಗದ ಮೇಲೆ ನಿಂತು ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಅಕ್ಷರ ಅಕ್ಷರ ಕೇಳಿಸಬೇಕಾಗಿತ್ತು. ಹಾಡಬೇಕು, ಅಳಬೇಕು, ಅಳುತ್ತಲೇ ಮಾತಿನ ಒತ್ತು ತಪ್ಪದಂತೆ ನೋಡಿಕೊಳ್ಳಬೇಕು. ನಮ್ಮ ಹಳೆಯ ಕನ್ನಡ ಚಿತ್ರರಂಗವೆಲ್ಲ ಈ ಗರಡಿಯಿಂದಲೇ ಬಂದದ್ದು. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಎಲ್ಲರೂ ಅಲ್ಲಿಯವರೇ. ಈ ಗರಡಿಯಲ್ಲಿ ಪಳಗಿದವರಿಗೆ ಕ್ಯಾಮೆರಾದ ಮುಂದೆ ಬಂದಾಗ ಒಂದು ತೊಂದರೆಯೂ ಇತ್ತು. ದೂರದವನಿಗೆ ತೋರಿಸಲು ಕಲಿತ ಅಭಿನಯ ಹತ್ತಿರದಿಂದ ನೋಡಿದರೆ ಅತಿಯಾಗಿ ಕಾಣುತ್ತದೆ. ಲೀಲಾವತಿಯವರ ಮೊದಲ ಚಿತ್ರಗಳಲ್ಲಿ ಈ ಅತಿ ಇದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಹುಬ್ಬು, ಕೈ, ಸೆರಗು ಎಲ್ಲವೂ ಒಮ್ಮೆಗೇ ಮಾತನಾಡುತ್ತವೆ. ಅವರು ಅದನ್ನು ಕಳೆದುಕೊಂಡ ಬಗೆ ಮಾತ್ರ ಗಮನಾರ್ಹವಾದುದು. ಧ್ವನಿಯನ್ನು ಉಳಿಸಿಕೊಂಡರು, ಕೈಯನ್ನು ಕಟ್ಟಿಕೊಂಡರು. 1960ರ ದಶಕದ ಕೊನೆಯ ಹೊತ್ತಿಗೆ ಅವರ ಅಭಿನಯದ ಮುಖ್ಯ ಬಲ ಮಾತಿನಲ್ಲಿರಲಿಲ್ಲ, ಎದುರಿನವರ ಮಾತನ್ನು ಕೇಳಿಸಿಕೊಳ್ಳುವುದರಲ್ಲಿತ್ತು. ಪೋಷಕ ಪಾತ್ರಕ್ಕೆ ಬೇಕಾದ ಮೊದಲ ಗುಣವೂ ಅದೇ.

‘ಗೆಜ್ಜೆ ಪೂಜೆ’ಯನ್ನು ನೆನಪಿಸಿಕೊಳ್ಳಿ. ಎಂ. ಕೆ. ಇಂದಿರಾ ಅವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, 1969. ವೇಶ್ಯಾವೃತ್ತಿಗೆ ಕಟ್ಟಿಹಾಕುವ ಮನೆತನದಲ್ಲಿ ಬೆಳೆದ ಅಪರ್ಣಾ, ತನ್ನ ಮಗಳು ಚಂದ್ರಾಳಾದರೂ ನಾಲ್ಕು ಜನರಂತೆ ಮದುವೆಯಾಗಿ ಮರ್ಯಾದೆಯಿಂದ ಬಾಳಲಿ ಎಂದು ಹಂಬಲಿಸುತ್ತಾಳೆ. ಹಂಬಲ ಈಡೇರುವುದಿಲ್ಲ. ಕೊನೆಗೆ ಮಗಳೇ ಗೆಜ್ಜೆ ಕಟ್ಟಲು ಒಪ್ಪುತ್ತಾಳೆ, ಅದೇ ದಿನ ಪ್ರಾಣ ಬಿಡುತ್ತಾಳೆ. ಚಂದ್ರಾಳಾಗಿ ಕಲ್ಪನಾ, ಅಪರ್ಣಾಳಾಗಿ ಲೀಲಾವತಿ.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಕಲ್ಪನಾ ಹುಟ್ಟಿದ್ದು 1943ರಲ್ಲಿ. ಲೀಲಾವತಿಯವರ ಜನ್ಮವರ್ಷವೆಂದು ಸಾಮಾನ್ಯವಾಗಿ ಹೇಳುವುದು 1937. ಅಂದರೆ ತೆರೆಯ ಮೇಲಿನ ತಾಯಿಗೂ ಮಗಳಿಗೂ ನಡುವೆ ಇದ್ದ ಅಂತರ ಆರು ವರ್ಷ. ಇನ್ನೂ ಮೂವತ್ತೆರಡು ತುಂಬಿರದ ಹೆಣ್ಣುಮಗಳು ಇಪ್ಪತ್ತಾರರವಳಿಗೆ ತಾಯಿಯಾಗಿ ನಿಂತಳು. 1929ರಲ್ಲಿ ಹುಟ್ಟಿದ ರಾಜಕುಮಾರ್ ಮುಂದೆ ಮೂವತ್ತು ವರ್ಷ ನಾಯಕರಾಗಿಯೇ ಉಳಿದರು. ಅವರ ಕೊನೆಯ ಚಿತ್ರ ‘ಶಬ್ದವೇಧಿ’ ಬಂದದ್ದು 2000ದಲ್ಲಿ. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ನಮ್ಮ ಚಿತ್ರರಂಗ ಗಂಡಿನ ವಯಸ್ಸನ್ನು ಒಂದು ಗಡಿಯಾರದಲ್ಲಿ, ಹೆಣ್ಣಿನ ವಯಸ್ಸನ್ನು ಇನ್ನೊಂದು ಗಡಿಯಾರದಲ್ಲಿ ಅಳೆಯಿತು. ನಾವು ಟಿಕೆಟ್ ಕೊಟ್ಟು ಕುಳಿತವರು ಅದನ್ನು ಒಪ್ಪಿಕೊಂಡೆವು. ‘ಇನ್ನು ಅವಳು ತಾಯಿಯ ಪಾತ್ರಕ್ಕೆ ಸರಿ’ ಎಂದು ಊರ ಜಗುಲಿಯ ಮೇಲೆ ಕುಳಿತು ತೀರ್ಪು ಕೊಟ್ಟವರಲ್ಲಿ ನಮ್ಮ ಮನೆಯ ಗಂಡಸರೂ ಇದ್ದರು.

ಲೀಲಾವತಿ ಈ ತೀರ್ಪಿನ ಜೊತೆ ಜಗಳವಾಡಲಿಲ್ಲ. ಅವರು ಮಾಡಿದ್ದು ಬೇರೆ. ಅಪರ್ಣಾ ವಯಸ್ಸಾದವಳಂತೆ ಬೆನ್ನು ಬಗ್ಗಿಸುವುದಿಲ್ಲ, ಧ್ವನಿ ನಡುಗಿಸುವುದಿಲ್ಲ. ಅವಳನ್ನು ಹಿರಿಯಳನ್ನಾಗಿ ಮಾಡುವುದು ನಾಚಿಕೆ. ನೆರೆಯವರ ಎದುರು, ಮಗಳ ಗೆಳತಿಯರ ಎದುರು ತಾನು ಯಾರೆಂಬುದು ತಿಳಿದುಬಿಟ್ಟೀತು ಎಂಬ ಭಯದಲ್ಲಿ ಬದುಕುವ ಹೆಂಗಸು ಕಣ್ಣನ್ನು ಹೇಗೆ ತಗ್ಗಿಸುತ್ತಾಳೆ, ಯಾವ ಮಾತಿಗೆ ಉತ್ತರ ಕೊಡದೆ ಒಳಗೆ ಹೋಗುತ್ತಾಳೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಪುಟ್ಟಣ್ಣನವರ ಕ್ಯಾಮೆರಾ ಸಹಜವಾಗಿಯೇ ಕಲ್ಪನಾರ ಮುಖವನ್ನು ಪ್ರೀತಿಸುತ್ತದೆ. ಆದರೆ ಚಂದ್ರಾಳ ದುರಂತ ನಮಗೆ ನಂಬಿಕೆ ಬರಿಸುವುದು ಅವಳ ಹಿಂದೆ ನಿಂತ ಈ ಮೌನದಿಂದ. ಮಗಳಿಗೆ ಆಗಲಿರುವುದು ಈಗಾಗಲೇ ತಾಯಿಗೆ ಆಗಿಹೋಗಿದೆ ಎಂಬುದನ್ನು ಒಂದು ಮಾತೂ ಇಲ್ಲದೆ ತಿಳಿಸುವವರು ಅವರು.

ನಮ್ಮ ದೊಡ್ಡಬಳ್ಳಾಪುರದ ಕಡೆ ಆಗ ಟೂರಿಂಗ್ ಟಾಕೀಸಿನ ಟೆಂಟುಗಳಿದ್ದವು. ಧ್ವನಿವರ್ಧಕದಲ್ಲಿ ಘಂಟಸಾಲರ ಭಕ್ತಿಗೀತೆ ಕೇಳಿಬಂತೆಂದರೆ ಟಿಕೆಟ್ ಕೊಡಲು ಶುರು ಎಂದರ್ಥ. ನನ್ನ ತಾಯಿ ಹಗಲೆಲ್ಲ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತಿ, ರಾತ್ರಿ ಆಟಕ್ಕೆ ನೆಲದ ಟಿಕೆಟ್ಟು ತೆಗೆದುಕೊಂಡು ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಸಿನಿಮಾ ನೋಡುತ್ತಿದ್ದರು. ತಪಸ್ಸುಕಾಲದ ನಲವತ್ತು ದಿನ ಮಾತ್ರ ಸಿನಿಮಾ ಇಲ್ಲ. (ಒಂದು ವರ್ಷ ಆ ನಿಯಮವೂ ಮುರಿಯಿತು. ಟೆಂಟಿಗೆ ಬಂದದ್ದು ಸಂತನ ಕಥೆ, ಆದ್ದರಿಂದ ಪಾಪವಿಲ್ಲ ಎಂದು ಅವರೇ ತೀರ್ಮಾನಿಸಿದ್ದರು.) ಆ ಸಂತನ ಕಥೆಯೇ ‘ಭಕ್ತ ಕುಂಬಾರ’.

1974ರ ಈ ಚಿತ್ರ ಹುಣಸೂರು ಕೃಷ್ಣಮೂರ್ತಿಯವರದು. ಪಂಢರಾಪುರದ ವಿಠಲನ ಭಕ್ತ ಗೋರಾ ಕುಂಬಾರನಾಗಿ ರಾಜಕುಮಾರ್, ಅವನ ಹೆಂಡತಿಯಾಗಿ ಲೀಲಾವತಿ. ಕಥೆ ನಿಮಗೆ ತಿಳಿದದ್ದೇ. ಗೋರಾ ವಿಠಲನ ನಾಮದಲ್ಲಿ ಮೈಮರೆತು ಮಣ್ಣು ತುಳಿಯುತ್ತಿರುವಾಗ ಅಂಬೆಗಾಲಿಡುತ್ತಾ ಬಂದ ಅವನ ಕೂಸೇ ಆ ಮಣ್ಣಿನಲ್ಲಿ ಸಿಕ್ಕಿ ಸಾಯುತ್ತದೆ. ತಂದೆಗೆ ಅರಿವೇ ಇಲ್ಲ. ನೀರಿಗೆ ಹೋದ ತಾಯಿ ಹಿಂದಿರುಗಿ ಬಂದು ಮಗುವನ್ನು ಹುಡುಕುತ್ತಾಳೆ.

ಕನ್ನಡ ಚಿತ್ರಗಳಲ್ಲಿ ತಾಯಂದಿರು ಅತ್ತ ದೃಶ್ಯಗಳಿಗೆ ಲೆಕ್ಕವಿಲ್ಲ. ಆದರೆ ಇಲ್ಲಿ ಬರುವುದು ಅಳು ಮಾತ್ರವಲ್ಲ, ಕೋಪ. ಗಂಡನ ಮೇಲೆ ಕೋಪ, ಗಂಡನ ದೇವರ ಮೇಲೆ ಕೋಪ. ಭಕ್ತಿಚಿತ್ರವೆಂಬುದು ಭಕ್ತನ ಪರವಾಗಿಯೇ ಇರಬೇಕಾದ ಚಿತ್ರ. ಎಲ್ಲ ಹಾಡುಗಳೂ ಅವನವೇ, ಕೊನೆಯ ಪವಾಡವೂ ಅವನಿಗೇ. ಅಂಥ ಚಿತ್ರದ ನಡುವೆ ನಿಂತು ‘ಮಗುವನ್ನು ಕಾಣದ ಭಕ್ತಿ ಎಂಥದು?’ ಎಂದು ಕೇಳುವ ಹೊಣೆ ಆ ಹೆಂಡತಿಯ ಪಾತ್ರದ್ದು. ಕಡಿಮೆ ಕಲಾವಿದೆಯಾಗಿದ್ದರೆ ಅವಳನ್ನು ತಿಳುವಳಿಕೆಯಿಲ್ಲದ ಗಯ್ಯಾಳಿಯನ್ನಾಗಿ ಮಾಡಿಬಿಡುತ್ತಿದ್ದರು. ಹರಿಕಥೆಗಳಲ್ಲಿ ಸಂತರ ಹೆಂಡಂದಿರ ಗತಿ ಸಾಮಾನ್ಯವಾಗಿ ಅದೇ. ಇನ್ನೂ ಕಡಿಮೆಯವರು ಬರಿಯ ಗೋಳಾಟದಲ್ಲಿ ಮುಳುಗಿಸುತ್ತಿದ್ದರು. ಲೀಲಾವತಿಯವರು ಅವಳಿಗೆ ನ್ಯಾಯ ಕೊಟ್ಟರು. ಅವಳು ತಪ್ಪು ಹೇಳುತ್ತಿಲ್ಲ ಎಂದು ನೋಡುವವನಿಗೆ ಅನ್ನಿಸುತ್ತದೆ; ಗೋರಾನನ್ನು ಮೆಚ್ಚುತ್ತಲೇ ಅವಳ ಪಕ್ಕ ನಿಲ್ಲಬೇಕೆನಿಸುತ್ತದೆ. ಚಿತ್ರದ ಧಾರ್ಮಿಕ ತೂಕ ಇರುವುದು ಈ ಎರಡು ಕಡೆಯ ಎಳೆತದಲ್ಲಿ ಎಂಬುದು ನನ್ನ ಅಭಿಪ್ರಾಯ. ಬೈಬಲ್ಲಿನ ಯೋಬನ ಗ್ರಂಥವನ್ನು ಓದಿದವರಿಗೆ ಈ ಎಳೆತ ಅಪರಿಚಿತವಲ್ಲ. ಆದರೆ ಅಲ್ಲಿ ಯೋಬನ ಹೆಂಡತಿಗೆ ದೊರೆತದ್ದು ಒಂದೇ ಒಂದು ವಾಕ್ಯ. ಸತ್ತ ಹತ್ತು ಮಕ್ಕಳು ಅವಳ ಮಕ್ಕಳೂ ಹೌದಲ್ಲವೇ ಎಂದು ನಮ್ಮ ಪ್ರಬೋಧನೆಗಳಲ್ಲಿ ಕೇಳಿದವರು ಕಡಿಮೆ.

ಎಂಬತ್ತು ದಾಟಿರುವ ನನ್ನ ತಾಯಿಯೊಡನೆ ಈ ಚಿತ್ರವನ್ನು ಈಚೆಗೆ ಮತ್ತೊಮ್ಮೆ ನೋಡಿದೆ. ಕೊನೆಯಲ್ಲಿ ವಿಠಲನ ಕೃಪೆಯಿಂದ ಗೋರಾನ ಕೈಗಳು ಮರಳಿ ಬಂದವು, ಮಗುವೂ ಎದ್ದು ಬಂತು. ಟೆಂಟಿನಲ್ಲಿ ಆಗ ಜನ ಕೈಮುಗಿದು ಎದ್ದು ನಿಂತಿದ್ದನ್ನು ನಾನು ಕಂಡಿದ್ದೆ. ಅಮ್ಮ ಈ ಬಾರಿ ಸುಮ್ಮನೆ ಕುಳಿತಿದ್ದರು. ಸ್ವಲ್ಪ ಹೊತ್ತಿನ ಮೇಲೆ, “ಮಗು ಬಂದದ್ದು ಸರಿ ಕಣಪ್ಪ. ಅವಳು ಕೇಳಿದ್ದಕ್ಕೆ ಯಾರೂ ಉತ್ತರ ಹೇಳಲಿಲ್ಲವಲ್ಲ” ಎಂದರು. ನನಗಿಂತ ದೊಡ್ಡದೊಂದು ತಮ್ಮ ಅವರಿಗಿದ್ದ. ಅಲ್ಲ, ತಪ್ಪಿ ಬರೆದೆ, ನನಗಿಂತ ದೊಡ್ಡವನೊಬ್ಬ ಅಣ್ಣ ನನಗಿದ್ದ. ಎರಡು ವರ್ಷದವನಿದ್ದಾಗ ಜ್ವರದಲ್ಲಿ ಹೋದವನು. ಅವನ ವಿಷಯ ನಮ್ಮ ಮನೆಯಲ್ಲಿ ಮಾತಿಗೆ ಬರುವುದಿಲ್ಲ. ಟೆಂಟಿನ ಕತ್ತಲಲ್ಲಿ ಅಮ್ಮ ಯಾಕೆ ಅಷ್ಟು ಅಳುತ್ತಿದ್ದರೆಂದು ನನಗೆ ಐವತ್ತು ವರ್ಷ ತಡವಾಗಿ ಅರ್ಥವಾಯಿತು.

‘ನಾಗರಹಾವು’ (1972) ಕುರಿತು ಬರೆಯದಿದ್ದರೆ ಓದುಗರು ಒಪ್ಪಲಾರರು. ತ. ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿದ ಈ ಪುಟ್ಟಣ್ಣ ಚಿತ್ರದಲ್ಲಿ ರಾಮಾಚಾರಿ ಪ್ರೀತಿಸುವ ಮಾರ್ಗರೆಟ್ ನಮ್ಮವಳು ಎಂಬ ಕಾರಣಕ್ಕೆ ಕ್ರೈಸ್ತ ಮನೆಗಳಲ್ಲಿ ಅದರ ಬಗ್ಗೆ ವಿಶೇಷ ಕುತೂಹಲವಿತ್ತು, ಸ್ವಲ್ಪ ಮುಜುಗರವೂ ಇತ್ತು. ಆ ಕಾಲದ ಚಿತ್ರಗಳಲ್ಲಿ ಕ್ರೈಸ್ತ ಹುಡುಗಿ ಎಂದರೆ ಮೊಣಕಾಲ ಮೇಲಿನ ಉಡುಪು, ಒಡಕಲು ಕನ್ನಡ. ದೊಡ್ಡಬಳ್ಳಾಪುರ, ದೇವನಹಳ್ಳಿಯ ನಮ್ಮ ಅಕ್ಕತಂಗಿಯರು ಸೀರೆಯುಟ್ಟು, ಮುಡಿಗೆ ಕನಕಾಂಬರ ಇಟ್ಟು, ಅಚ್ಚ ಕನ್ನಡದಲ್ಲಿ ಜಪಸರ ಮಾಡುತ್ತಿದ್ದುದನ್ನು ಯಾವ ನಿರ್ದೇಶಕನೂ ಬಂದು ನೋಡಲಿಲ್ಲ. ಅಷ್ಟರ ಮಟ್ಟಿಗೆ ಮಾರ್ಗರೆಟ್ ಕೂಡ ಆ ಅಚ್ಚಿನವಳೇ. ಆದರೂ ಚಿತ್ರ ಅವಳನ್ನು ಕೀಳಾಗಿ ಕಾಣುವುದಿಲ್ಲ. ರಾಮಾಚಾರಿಯೊಡನೆ ಕೊನೆಯ ತನಕ ನಿಲ್ಲುವವಳು ಅವಳೇ. ಕೆ. ಎಸ್. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರು ಎರಡು ಬಾರಿ ಶಿಷ್ಯನ ಪ್ರೀತಿಗೆ ಅಡ್ಡ ಬರುತ್ತಾರೆ, ಎರಡೂ ಬಾರಿ ಒಳ್ಳೆಯದಾಗಲೆಂದೇ ಬರುತ್ತಾರೆ. ಗುರುವಿನ ಪ್ರೀತಿಯೇ ಶಿಷ್ಯನನ್ನು ಕೊಲ್ಲುವ ಈ ಕಥೆಯಲ್ಲಿ ಮೇಷ್ಟ್ರ ಹೆಂಡತಿಯಾಗಿ ಲೀಲಾವತಿಯವರಿಗೆ ಸಿಕ್ಕಿದ್ದು ಸ್ವಲ್ಪವೇ ಜಾಗ. ಆ ಸ್ವಲ್ಪದಲ್ಲೇ ಮಕ್ಕಳಿಲ್ಲದ ಆ ಮನೆಯ ಬೆಚ್ಚಗಿನ ಭಾವ ಹುಟ್ಟುತ್ತದೆ. ರಾಮಾಚಾರಿ ಹೆತ್ತವರ ಮನೆಗಿಂತ ಹೆಚ್ಚಾಗಿ ಆ ಮನೆಗೆ ಸೇರಿದವನೆಂದು ನಾವು ನಂಬುತ್ತೇವೆ. ಅದಿಲ್ಲದೆ ಚಾಮಯ್ಯನವರ ಮಾತಿಗೆ ಅವನು ಯಾಕೆ ಕಟ್ಟುಬೀಳಬೇಕು?

ಅವರ ಅತ್ಯುತ್ತಮ ಪಾತ್ರ ಯಾವುದೆಂದು ಕೇಳಿದರೆ ನಾನು ಹೇಳುವುದು ಕನ್ನಡ ಚಿತ್ರವನ್ನಲ್ಲ. ಅದು ಕೆ. ಬಾಲಚಂದರ್ ಅವರ ತಮಿಳು ಚಿತ್ರ ‘ಅವರ್‌ಗಳ್’ (1977). ಸುಜಾತಾ ನಾಯಕಿ; ಅವಳನ್ನು ಹಿಂಸಿಸುವ ಗಂಡನಾಗಿ ನಮ್ಮ ಬೆಂಗಳೂರಿನಿಂದ ಹೋದ ರಜನೀಕಾಂತ್. ಗಂಡನಿಂದ ದೂರವಾಗಿ ಮಗುವಿನೊಡನೆ ಬದುಕುತ್ತಿರುವ ಆ ಹೆಣ್ಣಿನ ಮನೆಗೆ ಒಬ್ಬ ಹಿರಿಯ ಹೆಂಗಸು ಕೆಲಸದವಳಾಗಿ ಬಂದು ಸೇರುತ್ತಾಳೆ. ಅವಳು ಆ ಗಂಡನ ತಾಯಿ. ಮಗ ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತವಾಗಿ, ತಾನು ಯಾರೆಂದು ಹೇಳದೆ, ಸೊಸೆಯ ಮಗುವನ್ನು ಎತ್ತಿ ಆಡಿಸುತ್ತಾಳೆ, ಅವಳ ಪಾತ್ರೆ ತೊಳೆಯುತ್ತಾಳೆ. ಕೊನೆಗೆ ಎಲ್ಲ ಗಂಡಸರನ್ನೂ ಬಿಟ್ಟು ನಾಯಕಿ ರೈಲು ಹತ್ತಿದಾಗ ಅವಳ ಜೊತೆಯಲ್ಲಿ ಹೊರಡುವವಳು ಈ ಅತ್ತೆ.

ನಮ್ಮ ಚಿತ್ರಗಳ ತಾಯಿಗೆ ಒಂದು ಅಲಿಖಿತ ನಿಯಮವಿದೆ: ಮಗ ಏನೇ ಮಾಡಿದರೂ ಅವಳು ಮಗನ ತಾಯಿ. ಆ ನಿಯಮವನ್ನು ಮುರಿದ ತಾಯಿ ಇವಳು. ಮುರಿಯುವಾಗ ಭಾಷಣ ಮಾಡುವುದಿಲ್ಲ. ಲೀಲಾವತಿ ಮೈಸೂರಿನಲ್ಲಿ ಬಾಲ್ಯದಲ್ಲಿ ಪರರ ಮನೆಯ ಕೆಲಸ ಮಾಡಿದವರು ಎಂಬುದನ್ನು ತಿಳಿದು ಈ ಚಿತ್ರ ನೋಡಿದರೆ, ಅವರು ಮನೆಗೆಲಸದವಳಾಗಿ ಆ ಮನೆಯೊಳಗೆ ಓಡಾಡುವುದು ಬೇರೆ ರೀತಿ ಕಾಣುತ್ತದೆ. ಹೇಳಿಕೊಡದೆ ಬಂದ ಅಭಿನಯ ಅದು.

ಇನ್ನು ಆರೋಪದ ಮಾತು. 1980ರ ದಶಕದಿಂದ ಈಚೆಗೆ ಅವರು ಮಾಡಿದ ತಾಯಿ, ಅತ್ತೆ, ಅಜ್ಜಿಯ ಪಾತ್ರಗಳಲ್ಲಿ ಹಲವು ಒಂದರಂತೆ ಇನ್ನೊಂದು. ಬಾಗಿಲ ಬಳಿ ಮಗನಿಗಾಗಿ ಕಾಯುವುದು, ದೇವರ ಪಟದ ಮುಂದೆ ಬೇಡುವುದು, ಖಳನಾಯಕನ ಕೈಗೆ ಸಿಕ್ಕು ಕೂಗುವುದು. ನಟಿಯ ದೋಷ ಇದರಲ್ಲಿ ಎಷ್ಟು, ಬರೆದುಕೊಟ್ಟವರ ದೋಷ ಎಷ್ಟು ಎಂದು ಬಿಡಿಸುವುದು ಕಷ್ಟ. ವರ್ಷಕ್ಕೆ ಹಲವಾರು ಚಿತ್ರಗಳಲ್ಲಿ ನಟಿಸಿ ಬದುಕು ನಡೆಸಬೇಕಾದವರಿಗೆ ಆಯ್ಕೆ ಎಂಬುದು ಶ್ರೀಮಂತರ ಮಾತು. ಆದರೆ ಅಂಥ ಪಾತ್ರಗಳು ನಮ್ಮ ಮೇಲೆ ಪರಿಣಾಮ ಬೀರಲಿಲ್ಲವೆನ್ನಲಾಗದು. ಸಹಿಸುವವಳೇ ತಾಯಿ ಎಂಬ ಪಾಠವನ್ನು ನಾವು ತೆರೆಯಿಂದಲೂ ಕಲಿತೆವು, ಮನೆಯಲ್ಲಿ ಅದನ್ನೇ ನಿರೀಕ್ಷಿಸಿದೆವು. ವ್ಯಾಕುಲಮಾತೆಯ ಮುಂದೆ ಮೇಣದಬತ್ತಿ ಹಚ್ಚಿ ಬಂದು, ಮನೆಯಲ್ಲಿ ವ್ಯಾಕುಲಪಡುವ ತಾಯಿಗೆ ‘ನಿನಗೇನಾಗಿದೆ’ ಎಂದು ಗದರಿದವರು ನಮ್ಮಲ್ಲಿ ಇಲ್ಲವೇ?

ಕ್ಯಾಮೆರಾದ ಹಿಂದೆ ಹೆಣ್ಣು ನಿಂತಿದ್ದರೆ ಈ ತಾಯಿ ಬೇರೆಯಾಗುತ್ತಿದ್ದಳೇ? ಕನ್ನಡದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲು ಇರುವ ಉದಾಹರಣೆಗಳು ಸ್ವಲ್ಪವೇ. ಎಂ. ವಿ. ರಾಜಮ್ಮ 1943ರಲ್ಲೇ ‘ರಾಧಾರಮಣ’ ನಿರ್ಮಿಸಿ ದಾರಿ ತೋರಿದ್ದರು. ಆದರೆ ನಟಿಯರಿಂದ ನಿರ್ದೇಶನ ಬರಲು ಬಹಳ ಕಾಲ ಹಿಡಿಯಿತು. ಪುಟ್ಟಣ್ಣನವರ ‘ರಂಗನಾಯಕಿ’ಯಾಗಿದ್ದ ಆರತಿ ‘ಮಿಠಾಯಿ ಮನೆ’ ಎಂಬ ಮಕ್ಕಳ ಚಿತ್ರ ನಿರ್ದೇಶಿಸಿದ್ದು 2005ರ ಹೊತ್ತಿಗೆ. ಇವೆರಡರ ನಡುವೆ, ರಂಗಭೂಮಿಯಿಂದ ಬಂದ ಪ್ರೇಮಾ ಕಾರಂತರ ‘ಫಣಿಯಮ್ಮ’ (1983) ನಿಂತಿದೆ. ಅದೂ ಎಂ. ಕೆ. ಇಂದಿರಾ ಅವರ ಕಾದಂಬರಿಯೇ. ಒಬ್ಬಳೇ ಲೇಖಕಿಯ ಎರಡು ಕೃತಿಗಳನ್ನು ಒಬ್ಬ ಗಂಡಸು, ಒಬ್ಬ ಹೆಂಗಸು ಚಿತ್ರವಾಗಿಸಿದ್ದನ್ನು ಹೋಲಿಸಿ ನೋಡುವ ಅವಕಾಶ ನಮಗಿದೆ. ಪುಟ್ಟಣ್ಣನವರು ನೋವನ್ನು ಎತ್ತರದ ಸ್ವರದಲ್ಲಿ ಹಾಡಿಸುತ್ತಾರೆ. ಮನಸ್ಸು ಕಲಕುತ್ತದೆ, ಕೊನೆಗೆ ಹೆಣ್ಣು ಸಾಯುತ್ತಾಳೆ. ಪ್ರೇಮಾ ಕಾರಂತರ ಬಾಲವಿಧವೆ ಸಾಯುವುದಿಲ್ಲ, ಬದುಕುತ್ತಾಳೆ. ಎಲ್. ವಿ. ಶಾರದಾ ಅವರ ಫಣಿಯಮ್ಮ ಮನೆಯವರಿಗೆಲ್ಲ ದುಡಿದು, ಹೆರಿಗೆಗೆ ಒದಗಿ, ತಲೆ ಬೋಳಿಸಿಕೊಳ್ಳಲು ಒಲ್ಲೆನೆಂಬ ಎಳೆಯ ವಿಧವೆಯ ಪರವಾಗಿ ಮೆಲುದನಿಯಲ್ಲಿ ಮಾತಾಡುತ್ತಾಳೆ. ಲೀಲಾವತಿಯವರಿಗೆ ಒಲಿದಿದ್ದ ಕಲೆ ಈ ಎರಡನೆಯ ಬಗೆಯದು, ಅವರಿಗೆ ದೊರೆತ ಚಿತ್ರಗಳು ಹೆಚ್ಚಾಗಿ ಮೊದಲ ಬಗೆಯವು. ಅವರು ನಿರ್ದೇಶಕಿಯಾಗಲಿಲ್ಲ. ಆಗಿದ್ದರೆ ಎಂಬ ಊಹೆ ನನ್ನನ್ನು ಕಾಡುತ್ತದೆ.

ನಿರ್ದೇಶನವನ್ನು ಅವರು ಬೇರೆ ಕಡೆ ಮಾಡಿದರು ಎನ್ನಬಹುದೇನೋ. ನೆಲಮಂಗಲ ತಾಲೂಕಿನ ಸೋಲದೇವನಹಳ್ಳಿಯಲ್ಲಿ ಜಮೀನು ಮಾಡಿ, ಮಗನೊಡನೆ ಅಲ್ಲಿಯೇ ನೆಲೆನಿಂತರು. ಮರ ಬೆಳೆಸಿದರು, ತೋಟ ಮಾಡಿದರು. 1999-2000ದ ಸಾಲಿನ ಡಾ. ರಾಜಕುಮಾರ್ ಪ್ರಶಸ್ತಿ, 2008ರಲ್ಲಿ ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್ ಬಂದವು. ಆ ಹೊತ್ತಿಗೆ ಅವರು ಊರಿನವರಿಗೆ ಹೊಲದಲ್ಲಿ ಕಾಣಸಿಗುವ ಅಮ್ಮನಾಗಿದ್ದರು. ಆ ಭಾಗದಲ್ಲಿ ಚಿಕಿತ್ಸೆಗೆ ಜನ ಪಡುವ ಪಾಡನ್ನು ಕಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸ್ವಂತ ಹಣದಿಂದ ಕಟ್ಟಡ ಕಟ್ಟಿಸಿದರು; 2022ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ಉದ್ಘಾಟಿಸಿದರು. ಅದಕ್ಕಾಗಿ ಚೆನ್ನೈನಲ್ಲಿದ್ದ ತಮ್ಮ ಆಸ್ತಿಯನ್ನು ಮಾರಿದರೆಂದು ಪತ್ರಿಕೆಗಳು ಬರೆದವು. ಆ ಆಸ್ತಿಯ ಹಿಂದೆ ಕನ್ನಡ ಚಿತ್ರರಂಗದ ಚರಿತ್ರೆಯೇ ಇದೆ. 1970ರ ದಶಕದವರೆಗೂ ಬಹುಪಾಲು ಕನ್ನಡ ಚಿತ್ರಗಳು ತಯಾರಾದದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ನಮ್ಮ ಕಲಾವಿದರು ಬದುಕು ಕಟ್ಟಿಕೊಂಡದ್ದೂ ಅಲ್ಲಿಯೇ. ಅಲ್ಲಿ ದೀಪಗಳ ಕಾವಿನಲ್ಲಿ ದುಡಿದ ಹಣ ಅರ್ಧ ಶತಮಾನದ ಬಳಿಕ ಇಲ್ಲಿ ಬಾಣಂತಿಯರ, ಜ್ವರದ ಮಕ್ಕಳ ಆಸ್ಪತ್ರೆಯಾಯಿತು.

ಮುಂದೆ ಪಶು ಆಸ್ಪತ್ರೆಯನ್ನೂ ಕಟ್ಟಿಸಿದರು. ಪಟ್ಟಣದವರಿಗೆ ಇದರ ಮಹತ್ವ ಬೇಗ ತಿಳಿಯದು. ನೆಲಮಂಗಲ, ದೊಡ್ಡಬಳ್ಳಾಪುರದ ಕಡೆ ರಾಗಿ ಕೈಕೊಟ್ಟ ವರ್ಷವೂ ಮನೆ ನಡೆಸುವುದು ಹಸು. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಿ ಬರುವವರು ಹೆಚ್ಚಾಗಿ ಹೆಂಗಸರು, ಆ ಹಣ ಅವರ ಕೈಯಲ್ಲಿ ಸ್ವಲ್ಪವಾದರೂ ಉಳಿಯುವ ಹಣ. ರಾತ್ರಿ ಹೊತ್ತು ಕರು ಅಡ್ಡವಾಗಿ ಸಿಕ್ಕಿದರೆ, ಕೆಚ್ಚಲು ಬಾವು ಬಂದರೆ, ಹತ್ತಿರದಲ್ಲಿ ಡಾಕ್ಟರ್ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಒಂದು ಸಂಸಾರದ ವರುಷದ ಸಂಪಾದನೆ. 2023ರ ನವೆಂಬರ್ ಕೊನೆಯಲ್ಲಿ ಉಪಮುಖ್ಯಮಂತ್ರಿ ಡಿ. ಕೆ. ಶಿವಕುಮಾರ್ ಅದನ್ನು ಉದ್ಘಾಟಿಸಿದಾಗ ಲೀಲಾವತಿಯವರ ಆರೋಗ್ಯ ಬಹಳ ಕೆಟ್ಟಿತ್ತು. ಡಿಸೆಂಬರ್ 8ರಂದು ನೆಲಮಂಗಲದಲ್ಲಿ ತೀರಿಕೊಂಡರು. ಸೋಲದೇವನಹಳ್ಳಿಯ ತೋಟದಲ್ಲೇ ಅವರನ್ನು ಮಣ್ಣು ಮಾಡಿದರು.

ಕಳೆದ ವರ್ಷ ನೆಲಮಂಗಲದ ಕಡೆಯ ನಮ್ಮ ನೆಂಟರ ಮನೆಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಎರಡು ಸೀಮೆಹಸುಗಳಿರುವ ಮನೆ. ಹೊಸದಾಗಿ ಬಂದ ಸೊಸೆ, ಇಪ್ಪತ್ತೆರಡರ ಹುಡುಗಿ, ಹಾಲು ಕರೆದು ಬಂದು ಕಾಫಿ ಕೊಟ್ಟಳು. ಮಾತಿನ ನಡುವೆ ಲೀಲಾವತಿಯವರ ಹೆಸರು ಬಂತು. “ಹಸು ಆಸ್ಪತ್ರೆ ಕಟ್ಟಿಸಿದ್ರಲ್ಲ, ಅವರಾ?” ಎಂದಳು. ಹೌದೆಂದೆ. “ಸಿನಿಮಾದಲ್ಲೂ ಮಾಡ್ತಿದ್ರಂತೆ. ನಾನು ಒಂದೂ ನೋಡಿಲ್ಲ. ಯಾವುದು ನೋಡಲಿ ಅಜ್ಜಿ?”

ಅಮ್ಮ ಲೋಟ ಕೆಳಗಿಟ್ಟು ಯೋಚಿಸಿದರು. “ಕುಂಬಾರನ ಸಿನಿಮಾ ನೋಡಮ್ಮ” ಎಂದರು. “ಅವಳು ಜಗಳ ಆಡೋವರೆಗೆ ನೋಡು. ಆಮೇಲಿನದ್ದು ಬೇಕಾದ್ರೆ ನೋಡು.”